ವಾಂಟಿಂಗ್ ಐತ್ರಿ

ಖಾತಾ ಬದಲಾವಣೆಗೆ ಕೊಟ್ಟ ಅರ್ಜಿ ಮೊನ್ನೆ ಮತ್ತೆ ವಾಪಸ್ ಬಂತು. ಮೇಲೆ ಕೆಂಪು ಶಾಯಿಯಲ್ಲಿ ಇಂಗ್ಲಿಷಿನ ಒಂದೇ ಪದ: ವಾಂಟಿಂಗ್. ಏನು ವಾಂಟಿಂಗ್? ಯಾವ ಕಾಗದ, ಯಾರ ಸಹಿ? ಅದೊಂದನ್ನು ಬಿಟ್ಟು ತಾರೀಖು, ಮೊಹರು ಎಲ್ಲ ಇವೆ. ಅಪ್ಪನ ಹೆಸರಿನ ಮನೆ ನನ್ನ ಹೆಸರಿಗೆ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ತೆರಿಗೆ ರಸೀದಿ, ತಮ್ಮನ ಒಪ್ಪಿಗೆ ಪತ್ರ, ಆಧಾರ್, ಎಲ್ಲ ಇಟ್ಟಿದ್ದೆ. ಬಳ್ಳಾರಿ ಬಿಸಿಲಲ್ಲಿ ರಾಯಲ್ ಸರ್ಕಲ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಓಡಾಡಿ ಓಡಾಡಿ, ಈಗ ಆ ಹುಡುಗ ನನ್ನನ್ನು ದೂರದಲ್ಲಿ ಕಂಡರೇ ಮಷೀನಿನ ಮುಚ್ಚಳ ಎತ್ತಿ ನಿಲ್ಲುತ್ತಾನೆ.

ಈ ಪದ ಬರೆಯುವ ಸಾಹೇಬರನ್ನು ನೀವು ನೋಡಬೇಕು. ಫೈಲು ಬಿಚ್ಚುವುದಿಲ್ಲ, ತೂಗುತ್ತಾರೆ. ಎಡಗೈಯಲ್ಲಿ ಸ್ವಲ್ಪ ಎತ್ತಿ, 'ಹ್ಞೂಂ' ಎಂದು, ಕೆಂಪು ಪೆನ್ನಿನ ಟೋಪಿ ತೆಗೆದು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯುತ್ತಾರೆ. ಕೊನೆಯ 'ಜಿ' ಮೇಲೆ ಅವರಿಗೆ ವಿಶೇಷ ಪ್ರೀತಿ. ಅದರ ಬಾಲ ಹನುಮಂತನ ಬಾಲದಂತೆ ಬೆಳೆದು, ನನ್ನ ವಿಳಾಸ ದಾಟಿ, ಸಹಿಯನ್ನು ಸುತ್ತಿ, 'ಕಚೇರಿ ಉಪಯೋಗಕ್ಕೆ ಮಾತ್ರ' ಎಂದಿರುವ ಖಾಲಿ ಚೌಕದೊಳಗೂ ಇಳಿದು ಸುರುಳಿ ಸುತ್ತಿಕೊಂಡು ಮಲಗುತ್ತದೆ.

"ಸಾರ್, ಏನ್ ವಾಂಟಿಂಗ್ ಐತ್ರಿ?"

"ಬರದೀನಲ್ರಿ."

"ವಾಂಟಿಂಗ್ ಅಂತ ಬರದೀರಿ. ಏನು ಅಂತ..."

"ಅದಾ ರೀ. ವಾಂಟಿಂಗ್."

ಅಷ್ಟು ಹೇಳಿ ಮುಂದಿನವನ ಫೈಲು ಕೈಗೆತ್ತಿಕೊಂಡರು. ಅದು ನನ್ನದಕ್ಕಿಂತ ದಪ್ಪಗಿತ್ತು. ಅದಕ್ಕೂ ವಾಂಟಿಂಗ್.

ಕಚೇರಿ ಹೊರಗೆ ಒಗ್ಗರಣಿ, ಮೆಣಸಿನಕಾಯಿ ಬಜ್ಜಿ ಮಾರುವವನು ನನ್ನ ಮುಖ ನೋಡಿಯೇ ಭಾಷ್ಯ ಬರೆದ: "ಅಣ್ಣಾ, ಅವರಿಗೆ ಏನೋ ವಾಂಟ್ ಐತಿ ಅಂತ ಅರ್ಥ. ಇಂಗ್ಲಿಷ್ ಕಲಿತಿಲ್ಲೇನು ನೀನು?" ಹೇಳುತ್ತ ಅಂಗಿ ಜೇಬು ತಟ್ಟಿಕೊಂಡ.

ಅವನ ಅರ್ಥ ತಪ್ಪಲ್ಲ, ಆದರೆ ಈಚಿನದು. ವಾಂಟ್ ಪದ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾದವರ ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ 'ವಾಂಟಾ' ಎಂದರೆ ಕಡಿಮೆಯಾಗು. ಇಂಗ್ಲಿಷಿನಲ್ಲೂ ನೂರಾರು ವರ್ಷ ಅದು ಕೊರತೆಯೇ ಆಗಿತ್ತು. ಇಲ್ಲದ್ದನ್ನು ಬೇಕು ಅನ್ನುವುದು ಮನುಷ್ಯನ ಗುಣ ತಾನೆ? 1700ರ ಸುಮಾರಿಗೆ ಅದು 'ಬೇಕು' ಆಯಿತು. ಹಳೇ ಅರ್ಥ ಮಾತ್ರ ಪೂರ್ತಿ ಸಾಯಲಿಲ್ಲ. 1941ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಹೇಳಿದ ನಾಲ್ಕು ಸ್ವಾತಂತ್ರ್ಯಗಳಲ್ಲಿ ಒಂದು 'ಫ್ರೀಡಂ ಫ್ರಂ ವಾಂಟ್'. ಬಡತನದಿಂದ ಬಿಡುಗಡೆ ಅಂತ. ಕಾಲೇಜಿಗೆ ಹೋಗುವ ನನ್ನ ಮಗಳು ಅದನ್ನು ಬುದ್ಧ ಹೇಳಿದ್ದು ಅಂದುಕೊಂಡಿದ್ದಳು. ಆಸೆಯೇ ದುಃಖಕ್ಕೆ ಮೂಲ, ಸರಿಯಾಗೇ ಐತಲ್ಲಪ್ಪ, ಅಂದಳು.

ಇನ್ನೂ ತಮಾಷೆಯೆಂದರೆ, ಈ ಪದದ ಜೊತೆ ಗುದ್ದಾಡಿದವರು ನಮ್ಮೂರಲ್ಲೇ ಇದ್ದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲೇ ಕೂತು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಇಂಗ್ಲಿಷ್ ಬೈಬಲ್ಲಿನ 23ನೇ ಕೀರ್ತನೆ ಶುರುವಾಗುವುದೇ ದೇವರು ನನ್ನ ಕುರುಬ, 'ಐ ಶಲ್ ನಾಟ್ ವಾಂಟ್' ಎಂದು. ಕೊರತೆಯಾಗದು ಎನ್ನುವ ಕಡೆ ಬಜ್ಜಿಯಂಗಡಿಯ ಅರ್ಥ ಹಚ್ಚಿ ನೋಡಿ. ದೇವರು ನನ್ನ ಕುರುಬ, ನನಗೆ ಬೇಡ! ಹ್ಯಾಂಡ್ಸ್ ಜೊತೆಗಾರ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನೇ ಮಾಡಿದರು, 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಅಂಥವರು ಓಡಾಡಿದ ಊರಲ್ಲಿ ಒಂದು ವಾಂಟಿಂಗಿಗೆ ಅರ್ಥ ಹೇಳಿಸಿಕೊಳ್ಳಲು ನಾನು ಟೋಕನ್ ತಗೊಂಡು ಕೂರಬೇಕು.

ಅಪ್ಪನೂ ಕೆಂಪು ಶಾಯಿಯವರೇ. ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಹುಡುಗರ ಪ್ರಬಂಧದಲ್ಲಿ ಪದ ಬಿಟ್ಟುಹೋಗಿದ್ದರೆ ಅಲ್ಲೊಂದು ಹಂಸಪಾದ ಹಾಕಿ, ಬಿಟ್ಟದ್ದನ್ನು ಮೇಲೆ ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಆ ಗುರುತಿಗೆ ಕ್ಯಾರೆಟ್ ಅನ್ನುತ್ತಾರೆ. ಹಲ್ವಾ ಮಾಡುವ ಕ್ಯಾರೆಟ್ಟಲ್ಲ, ಲ್ಯಾಟಿನ್ ಮಾತು, ಅರ್ಥ 'ಇಲ್ಲಿ ಕಡಿಮೆ ಇದೆ' ಅಂತ. ಎಲ್ಲಿ, ಏನು, ಎರಡೂ ಗೊತ್ತಾಗುತ್ತಿತ್ತು. ನನ್ನ ಕಾಗದಗಳಿಗೂ ಎಷ್ಟೋ ವರ್ಷ ಹಂಸಪಾದ ಹಾಕಿದ ಕೈ ಅದು. ದೊಡ್ಡವನಾದ ಮೇಲೆ ಊರಿಗೆ ಬರೆದ ಪತ್ರವನ್ನೂ ತಿದ್ದಿ ಇಟ್ಟುಕೊಂಡಿದ್ದರು. ಖಾತಾ ದಾಖಲೆ ಹುಡುಕುವಾಗ ಟ್ರಂಕಿನಲ್ಲಿ ಸಿಕ್ಕವು. ಆ ಸಂಜೆ ದಾಖಲೆ ಹುಡುಕುವ ಕೆಲಸ ಮುಂದೆ ಸಾಗಲಿಲ್ಲ.

ಸರಿ, ಕಚೇರಿಗೆ ಬರೋಣ. ನಿನ್ನೆ ಹಟ ಹಿಡಿದು ಸಾಹೇಬರ ಮೇಜಿನ ಮೇಲೆ ಒಂದೊಂದೇ ಕಾಗದ ಹರವಿದೆ. ಹಿಂದೆ ನಿಂತವರು ಗೊಣಗಿದರು, ಬಿಡಲಿಲ್ಲ. ಸಾಹೇಬರು ನೋಡಿದರು. ಮೊದಲನೇ ಸಲ ನೋಡುತ್ತಿರುವವರ ಹಾಗೆ ಆಸಕ್ತಿಯಿಂದ ನೋಡಿದರು. ವಂಶವೃಕ್ಷದಲ್ಲಿ ನಮ್ಮಜ್ಜನ ಹೆಸರು ಓದಿ, "ಹಳೇ ಮಂದಿ ನೀವು" ಎಂದರು.

"ಎಲ್ಲಾ ಐತಲ್ರಿ ಮತ್ತ!"

"ಅದನ್ನ ಹೇಳಾಕ ಹತ್ತೀನಿ ಸಾರ್."

ಮಂಜೂರಾತಿ ಷರಾ ಬರೆಯಲು ಪೆನ್ನು ತೆಗೆದರು. ಕೈ ಅರ್ಧದಲ್ಲೇ ನಿಂತಿತು. ಕಚೇರಿ ಉಪಯೋಗದ ಚೌಕದ ತುಂಬ ಜಿ ಅಕ್ಷರದ ಬಾಲ. ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿದರು, ಬೆಳಕಿಗೆ ಹಿಡಿದರು.

"ಷರಾ ಬರಿಯಾಕ ಜಾಗ ವಾಂಟಿಂಗ್ ಐತ್ರಿ. ಹೊಸಾ ಫಾರಂ ತುಂಬಿಕೊಡ್ರಿ."

ಏನು ಕಡಿಮೆ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.