ದಪ್ಪ ಟೈರಿನ ಸೈಕಲ್ಲಿಗೆ ಅಳತೆ

ಅಪ್ಪನ ಕಾಲದಲ್ಲಿ ಸೈಕಲ್ ಅಂಗಡಿಯವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಇಪ್ಪತ್ತೆರಡೋ, ಇಪ್ಪತ್ನಾಲ್ಕೋ? ಫ್ರೇಮು 22 ಇಂಚಿನದ್ದು, ಇಲ್ಲವಾದರೆ 24. ಎರಡಕ್ಕೂ ಸೇರದವರು ಸೀಟು ಏರಿಸಿಯೋ ಇಳಿಸಿಯೋ ಸುಧಾರಿಸಿಕೊಳ್ಳುತ್ತಿದ್ದರು. ನಾನೀಗ ಕೈಯಲ್ಲೇ ಫ್ರೇಮ್ ಮಾಡುವ ಒಬ್ಬರ ಹತ್ತಿರ ಫ್ಯಾಟ್ ಬೈಕ್, ಅಂದರೆ ದಪ್ಪ ಟೈರಿನ ಸೈಕಲ್, ಮಾಡಿಸಲು ಹೊರಟಿದ್ದೇನೆ. ಅವರು ಕಳಿಸಿದ ಪ್ರಶ್ನೆಗಳಿಗೆ ಉತ್ತರ ಬರೆಯುವುದರಲ್ಲೇ ಒಂದು ಭಾನುವಾರ ಹೋಯಿತು.

ಎತ್ತರ, ತೂಕ, ತೋಳಿನ ಉದ್ದ, ಭುಜದ ಅಗಲ. ಕಾಲಿನ ಅಳತೆಗೆ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಗೋಡೆಯಲ್ಲಿ ಗೆರೆ ಎಳೆಯಬೇಕು. ಟೇಪು ಹಿಡಿದ ಹೆಂಡತಿ, "ನಿಮ್ಮದು ಮೈಗಿಂತ ಕಾಲೇ ಜಾಸ್ತಿ ಮಾರಾಯ್ರೆ" ಅಂದಳು. ಅಂಗಡಿಯ ಯಾವ ಸೈಕಲ್ಲೂ ನನಗೆ ಸರಿ ಕೂರದೆ ಇದ್ದದ್ದಕ್ಕೆ ಕಾರಣ ಸಿಕ್ಕಿತು.

ಇಷ್ಟು ದಪ್ಪ ಟೈರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇದು ಅಲಾಸ್ಕಾದ ಹಿಮದಲ್ಲಿ ಬೆಳೆದ ಸೈಕಲ್. ಅಲ್ಲಿ 1987ರಲ್ಲಿ ಚಳಿಗಾಲದ ಸೈಕಲ್ ರೇಸ್ ಶುರುವಾಯಿತು. ಸಾಮಾನ್ಯ ಚಕ್ರ ಹಿಮದಲ್ಲಿ ಹೂತು ಹೋಗುತ್ತಿತ್ತು. ಅದಕ್ಕೆ ಕೆಲವರು ಎರಡು ರಿಮ್‌ಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ಅಗಲ ಮಾಡಿಕೊಂಡರು. 2005ರಲ್ಲಿ ಅಮೆರಿಕದ ಸರ್ಲಿ ಕಂಪನಿ 'ಪಗ್ಸ್‌ಲಿ' ತಂದ ಮೇಲೆ ಅದು ಅಂಗಡಿಯಲ್ಲೂ ಸಿಗತೊಡಗಿತು. ಟೈರ್ ಸುಮಾರು ನಾಲ್ಕು ಇಂಚು ದಪ್ಪ. ಮೆತ್ತನೆ ನೆಲದಲ್ಲಿ ಗಾಳಿಯ ಒತ್ತಡ ಮೀಟರಿನಲ್ಲಿ 5ರಿಂದ 8 ಪಿಎಸ್‌ಐ ಇದ್ದರೆ ಸಾಕು. ಟೈರ್ ಚಪ್ಪಟೆಯಾಗಿ ನೆಲದ ಮೇಲೆ ಹರಡಿಕೊಳ್ಳುತ್ತದೆ, ಹೂಳುವುದಿಲ್ಲ. ಹಿಮಕ್ಕೆ ನಡೆದದ್ದು ನಮ್ಮ ಮಲ್ಪೆ ಕಡಲತೀರದ ಹೊಯಿಗೆಗೂ, ಅಂದರೆ ಮರಳಿಗೂ, ನಡೆಯುತ್ತದೆ. ಆದರೆ ಪಂಕ್ಚರ್ ಅಂಗಡಿಯ ಹುಡುಗನಿಗೆ "ಐದು ಸಾಕು" ಅಂದು ನೋಡಿ. ಅವನು ನಿಮ್ಮ ಮುಖವನ್ನೊಮ್ಮೆ, ಮೀಟರನ್ನೊಮ್ಮೆ ನೋಡುತ್ತಾನೆ.

ಫ್ರೇಮ್ ಮಾಡುವವರಿಗೆ ಕಷ್ಟ ಇರುವುದು ಇಲ್ಲೇ. ಮಠದ ಊಟದ ಪಂಕ್ತಿಯಲ್ಲಿ ದಪ್ಪ ಜನ ಒಬ್ಬರು ನಡುವೆ ಬಂದು ಕೂತರೆ ಸಾಲಿಡೀ ಸರಿಯಬೇಕಲ್ವಾ, ಇದೂ ಹಾಗೆಯೇ. ಟೈರಿಗೆ ಜಾಗ ಕೊಡಲು ಹಿಂದಿನ ಪೈಪುಗಳು ಅಗಲವಾಗಬೇಕು. ಹಿಂದಿನ ಚಕ್ರದ ನಡುವಿನ ಹಬ್ಬು 135 ಮಿ.ಮೀ. ಅಗಲ ಇದ್ದದ್ದು 197ಕ್ಕೆ ಹೋಗುತ್ತದೆ. ಚೈನು ಟೈರಿಗೆ ತಾಗಬಾರದು, ಅದಕ್ಕೆ ಅದೂ ಹೊರಗೆ ಸರಿಯಬೇಕು. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ 73 ಬಿಟ್ಟು 100 ಮಿ.ಮೀ. ಆಗುತ್ತದೆ. ಪೆಡಲುಗಳು ದೂರವಾಗುತ್ತವೆ. ಕಡೆಗೆ ಸರಿಯಬೇಕಾದದ್ದು ನನ್ನ ಕಾಲುಗಳೇ. ಮಂಡಿಯಲ್ಲಿ ನೋವು ಉಂಟಾ ಎಂದು ಅವರು ಮೊದಲೇ ಯಾಕೆ ಕೇಳಿದರು ಅಂತ ಆಗ ಗೊತ್ತಾಯಿತು.

ಪೈಪು ಕ್ರೋಮೋಲಿ ಉಕ್ಕಿನದ್ದು. ಹೆಸರಿನಲ್ಲಿ ಕ್ರೋಮಿಯಂ ಇದೆ, ಆದರೆ ಇರುವುದು ನೂರಕ್ಕೆ ಒಂದು ಪಾಲಿನಷ್ಟೇ. ಸುಲಭಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಹತ್ತೂವರೆಯಾದರೂ ಬೇಕು. ನಮ್ಮ ಕಡಲ ಗಾಳಿ ಗೇಟನ್ನೇ ತಿನ್ನುತ್ತದೆ, ಇದನ್ನು ಬಿಡುತ್ತದಾ? ಟೈಟಾನಿಯಂ ಆದರೆ ತುಕ್ಕಿನ ತಲೆಬಿಸಿ ಇಲ್ಲ. ರೇಟು ಕೇಳಿ ಆ ಮಾತು ಅಲ್ಲಿಗೇ ಬಿಟ್ಟೆ. ಪೈಪಿನ ಒಳಗೆ ಎಣ್ಣೆ ಹೊಡೆದು, ನೀರು ಇಳಿಯಲು ಅಡಿಯಲ್ಲಿ ಸಣ್ಣ ತೂತು ಇಟ್ಟುಕೊಡುತ್ತಾರಂತೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯುವುದು ನನ್ನ ಕೆಲಸ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಫೋನಿನಲ್ಲಿ ಬಂತು. "ವರ್ಷವಿಡೀ ನೀವು ನಿಜವಾಗಿ ಎಲ್ಲಿ ಓಡಿಸ್ತೀರಿ?" ಮಲ್ಪೆಯಿಂದ ಪಡುಕೆರೆ, ಅಲ್ಲಿಂದ ಕಾಪು ದೀಪಸ್ತಂಭದವರೆಗೆ ಹೊಯಿಗೆಯಲ್ಲೇ ಹೋಗುವ ಆಸೆ ಎಂದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಮತ್ತೆ ಅದನ್ನೇ ಕೇಳಿದರು. ಮಳೆಗಾಲದಲ್ಲಿ ಕಡಲಿನ ಹತ್ತಿರ ಹೋಗುವ ಹಾಗೇ ಇಲ್ಲ. ಉಳಿದ ದಿನಗಳಲ್ಲೂ ನನ್ನ ಸವಾರಿ ಜಾಸ್ತಿ ಮೀನು ಮಾರ್ಕೆಟ್ಟಿಗೆ, ತರಕಾರಿಗೆ, ಬಸ್ ಸ್ಟ್ಯಾಂಡಿಗೆ. ಹೇಳಿದೆ. "ಹಾಗಾದರೆ ಮಡ್‌ಗಾರ್ಡಿಗೆ, ಕ್ಯಾರಿಯರಿಗೆ ಬೋಲ್ಟಿನ ಜಾಗ ಇಡ್ತೇನೆ" ಅಂದರು. ಅಂಗಡಿಯವರು ಆಸೆಯನ್ನು ಮಾರುತ್ತಾರೆ, ಇವರು ಉಪಯೋಗ ಕೇಳುತ್ತಾರೆ. ಅಳತೆ ಕೊಟ್ಟು ಮಾಡಿಸುವುದರಲ್ಲಿ ನನಗೆ ಇಷ್ಟವಾದದ್ದು ಇದೇ. ಕೊಂಚ ಮುಜುಗರವಾದದ್ದೂ ಇದೇ.

ಮಲ್ಪೆಯ ಹುಡುಗರು ಇದಕ್ಕೆಲ್ಲ ನಗುತ್ತಾರೆ. ನೀರು ಇಳಿದಾಗ ಅಲೆಯ ಅಂಚಿನ ಒದ್ದೆ ಹೊಯಿಗೆ ಗಟ್ಟಿ. ಹಳೇ ಸೈಕಲ್ಲಿನಲ್ಲಿ ಇಬ್ಬಿಬ್ಬರು ಕೂತು ಜುಮ್ಮಂತ ಹೋಗುತ್ತಾರೆ. ನಿಜವೇ. ಆದರೆ ಇಳಿತ ನನ್ನ ಆಫೀಸಿನ ಹೊತ್ತು ನೋಡಿ ಬರುವುದಿಲ್ಲ. ನನ್ನ ಪಾಲಿಗೆ ಸಿಗುವುದು ಮೇಲಿನ ಒಣ ಹೊಯಿಗೆಯೇ.

ಕ್ಯಾರಿಯರಿನಲ್ಲಿ ಎಷ್ಟು ಭಾರ ಹೇರುತ್ತೀರಿ ಎಂದು ನಿನ್ನೆ ಮೆಸೇಜು ಬಂತು. "ಒಂದು ಮುಡಿ ಅಕ್ಕಿ ಅಂತ ಬರೆಯಿರಿ" ಅಂದಳು ಹೆಂಡತಿ. ಮುಡಿ ಅಂದರೆ ನಮ್ಮ ಕಡೆ ಬೈಹುಲ್ಲು ಸುತ್ತಿ ಕಟ್ಟುವ ಅಕ್ಕಿಯ ಮೂಟೆ. ನಾನು 25 ಕೆ.ಜಿ. ಅಂತ ಬರೆದೆ.