ಬಲಗಾಲಿಟ್ಟ ತಪ್ಪಿಗೆ

ಭಾನುವಾರ ಬೆಳಿಗ್ಗೆ. ತಲೆ ಬಾಚಿಕೊಳ್ಳೋಣ ಅಂದರೆ ಕೈ ಮೇಲೇಳುತ್ತಿಲ್ಲ. ಕಾರಣ, ಭಾವನ ಬೋಟಿಗೆ ಅಂಟಬೇಕಿದ್ದ, ಆದರೆ ಅಂಟದ ಎರಡು ರಬ್ಬರ್ ಕಪ್ಪು.

ನಾವಿರೋದು ಅಮೆರಿಕದ ಆಸ್ಟಿನ್‌ನಲ್ಲಿ. ಬೇಸಿಗೆಯ ಶನಿವಾರ ಅಂದರೆ ಲೇಕ್ ಟ್ರಾವಿಸ್, ಓಡುವ ಬೋಟಿನ ಹಿಂದೆ ಏಳುವ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಸರ್ಫಿಂಗ್. ಹೊಸ ಬೋಟುಗಳಲ್ಲಿ ಗುಂಡಿ ಒತ್ತಿದರೆ ಸರ್ಫಿಂಗ್ ಅಲೆ ಏಳುತ್ತದೆ, ಬೆಲೆ ಲಕ್ಷ ಡಾಲರ್ ದಾಟುತ್ತದೆ. ಭಾವನದು ಹಳೇ ಬೋಟು. ಅದಕ್ಕೇ ಹೊರಗಿನಿಂದ ಅಂಟಿಸುವ ವೇಕ್ ಶೇಪರ್, ಅಂದರೆ ಬೋಟಿನ ಹಿಂದಿನ ಅಲೆ ತಿದ್ದುವ ಸಾಧನ, ತಂದಿದ್ದಾರೆ. ನೋಡಲು ಪ್ಲಾಸ್ಟಿಕ್ ಮೊರ, ಹಿಂದೆ ಸಕ್ಷನ್ ಕಪ್ಪು. ಬಾತ್‌ರೂಮಿನಲ್ಲಿ ಟವೆಲ್ ಸಮೇತ ರಾತ್ರಿ ಎರಡಕ್ಕೆ ಬೀಳುವ ಕೊಕ್ಕೆ ಇದೆಯಲ್ವಾ, ಅದರ ದೊಡ್ಡಣ್ಣ.

ಸರ್ಫ್ ಮಾಡುವ ಕಡೆಗಲ್ಲ, ಅದರ ಇನ್ನೊಂದು ಪಕ್ಕಕ್ಕೆ, ನೀರಿನೊಳಗೆ ಅಂಟಿಸಬೇಕು. ಆ ಕಡೆಯ ನೀರು ಬೋಟಿನ ಹಿಂದೆ ಬಂದು ಸೇರೋದು ತಡವಾಗುತ್ತದೆ, ಈ ಕಡೆ ಅಲೆ ನುಣ್ಣಗೆ, ಉದ್ದಕ್ಕೆ ನಿಲ್ಲುತ್ತದೆ.

ಉಳಿದವರೆಲ್ಲ ಹಲಗೆ ಮೇಲೆ ಎಡಗಾಲು ಮುಂದಿಡುವವರು. ಅಲೆ ಎಡಕ್ಕೆ, ಮೊರ ಬಲಕ್ಕೆ. ನನ್ನದು, ಎಲ್ಲಿಗೆ ಹೋದರೂ ಬಲಗಾಲಿಟ್ಟು ಹೋಗು ಅಂತ ಅಮ್ಮ ಪಳಗಿಸಿದ ಕಾಲು. ಇಲ್ಲಿ ಇದಕ್ಕೆ ‘ಗೂಫಿ’ ಅನ್ನುತ್ತಾರೆ, ಪೆದ್ದ ಅಂತ. ಅಲೆ ಬೇಕಾದ ಕಡೆಗೇ ಭಾರ ಇರಬೇಕು, ಹಾಗಾಗಿ ನನ್ನೊಬ್ಬನಿಗಾಗಿ ಎಡಗಡೆಯ 340 ಕೆಜಿ ನೀರಿನ ಚೀಲ ಖಾಲಿ ಮಾಡಿ ಬಲಗಡೆಯದು ತುಂಬಬೇಕು. ಅಕ್ಕ, ಮಕ್ಕಳು, ಚಿತ್ರಾನ್ನದ ಡಬ್ಬಿ ಎಲ್ಲಾ ಬಲಕ್ಕೆ. ಮೊರ ಎಡಕ್ಕೆ. ಅಂಟಿಸೋದು ನಾನೇ, ಎಂಜಿನ್ ಆಫ್ ಮಾಡಿಸಿ, ನೀರಲ್ಲಿ ತೇಲುತ್ತಾ.

“ಗಾಳಿ ಹೋಗೋ ಹಾಗೆ ಒತ್ತೋ!” ಮೇಲಿಂದ ಭಾವ.

ಒತ್ತಿದರೆ ಮೊರ ಅಲ್ಲೇ ಇರುತ್ತದೆ, ನಾನೇ ಹಿಂದೆ ಹೋಗುತ್ತೇನೆ. ಅಂತೂ ಅಂಟಿತು. ಬೋಟಿನ ಹಗ್ಗ ಹಿಡಿದು ಹಲಗೆ ಮೇಲೆ ಎದ್ದೆ. ಬೋಟು ಗಂಟೆಗೆ 10 ಮೈಲಿ ಮುಟ್ಟಿತು, ಪಟಕ್! ನಾನು ಮುಳುಗಿ ಎದ್ದು ನೋಡಿದರೆ, ತನಗೆ ಕಟ್ಟಿದ ಹಗ್ಗದ ತುದಿಯಲ್ಲಿ ಮೊರ ನನಗಿಂತ ಚೆನ್ನಾಗಿ ಸರ್ಫ್ ಮಾಡುತ್ತಿತ್ತು.

“ಆಂಗಲ್ ಸ್ವಲ್ಪ ಜಾಸ್ತಿ ಆಯ್ತು,” ಅಂದರು ಭಾವ. ಎರಡನೇ ಸಲ ಕಮ್ಮಿ ಆಯ್ತಂತೆ. ಮೂರನೇ ಸಲ ಬೋಟಿನ ಮೈಗೆ ಪಾಚಿ. ಒರೆಸಿದ್ದು ನನ್ನ ಟೀ ಶರ್ಟಿನಲ್ಲಿ. ಆ ಮೊರದ್ದೇ ತಪ್ಪು ಅಂತ ಮಾತ್ರ ಅವರ ಬಾಯಲ್ಲಿ ಬರಲಿಲ್ಲ.

ನಾಲ್ಕನೇ ಸಲ ಹಿಡಿಯಿತು. ಕೈಯಲ್ಲಿದ್ದ ಹಗ್ಗ ಬಿಟ್ಟೆ. ಹತ್ತು ಸೆಕೆಂಡ್ ಇದ್ದೀತು. ಕಾಲ ಕೆಳಗೆ ಅಲೆ ತಾನಾಗಿ ನನ್ನನ್ನು ಹೊತ್ತು ಹೋಗುತ್ತಿತ್ತು. ಊರ ಕೆರೆಯಲ್ಲಿ ಅಜ್ಜನ ಎಮ್ಮೆ ಹೀಗೇ ಬೆನ್ನ ಮೇಲೆ ಕೂರಿಸಿಕೊಂಡು ತೇಲುತ್ತಿತ್ತು. ಅದಕ್ಕೆ ಏನನ್ನೂ ಅಂಟಿಸಬೇಕಿರಲಿಲ್ಲ.

ಪಟಕ್.

ಈಗಷ್ಟೇ ಅಕ್ಕನ ಫೋನ್. ಭಾವ ಹೊಸದೊಂದು ತರಿಸುತ್ತಿದ್ದಾರಂತೆ, ನಾಲ್ಕು ಕಪ್ಪಿಂದು. “ಶನಿವಾರದೊಳಗೆ ಎಡಗಾಲು ಅಭ್ಯಾಸ ಮಾಡ್ಕೋಬೇಕಂತೆ ನೀನು,” ಅಂದಳು.