ರೇಡಿಯಾಲಜಿ ವಿಭಾಗದಲ್ಲಿ ಡೆವಲಪರ್‌ಗೂ ಒಂದು ಕುರ್ಚಿ ಬೇಕು

ನಾನು ಹುಬ್ಬಳ್ಳಿಯವನು. ಈಗ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸಿಟಿ, ಎಂಆರ್‌ಐ ಚಿತ್ರಗಳನ್ನು ಓದುವ ಸಾಫ್ಟ್‌ವೇರ್ ಬರೆಯುತ್ತೇನೆ. ಊರಿಗೆ ಬಂದಾಗ ಬಂಧುಗಳು ಕೇಳುವುದು ಒಂದೇ ಮಾತು: "ನೀ ಡಾಕ್ಟರೋ, ಎಂಜಿನಿಯರೋ?" ಎರಡರ ನಡುವಿನ ಕೆಲಸ ಇದು. ನಮ್ಮ ಕಡೆ ಆ ನಡುವಿನ ಜಾಗವೇ ಖಾಲಿ ಇದೆ ಅನ್ನೋದು ನನ್ನ ಕೊರಗು.

ಸಿಟಿ ಸ್ಕ್ಯಾನ್ ಅಂದರೆ ಕಂಪ್ಯೂಟರಿಗೆ ಬರೀ ಅಂಕಿಗಳು. ನೀರಿಗೆ 0, ಗಾಳಿಗೆ ಮೈನಸ್ 1000. ಲಿವರ್‌ನಲ್ಲಿರುವ ಗಡ್ಡೆಗೂ ಸುತ್ತಲಿನ ಭಾಗಕ್ಕೂ ಅಂಕಿಯ ವ್ಯತ್ಯಾಸ ತುಂಬಾ ಕಡಿಮೆ. ಆ ಗಡ್ಡೆಯ ಅಂಚು ಹುಡುಕಬೇಕು. ಎಐ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ದಿನ ಜಾಸ್ತಿ ಹೋಗುವುದು ಬೇರೆ ಕಡೆ. ಸ್ಕ್ಯಾನ್ ಮಶೀನುಗಳು ಚಿತ್ರ ಉಳಿಸುವ ಡೈಕಾಮ್ ಎಂಬ ನಮೂನೆಯ ಫೈಲ್ ತೆರೆಯಬೇಕು. ಒಂದೊಂದು ಕಂಪನಿಯ ಮಶೀನು ಒಂದೊಂದು ರೀತಿ ಬರೆದಿರುತ್ತದೆ. ಸ್ಲೈಸ್‌ಗಳ, ಅಂದರೆ ದೇಹದ ಒಂದೊಂದು ಪದರದ ಚಿತ್ರಗಳ, ಕ್ರಮ ಸರಿ ಇದೆಯಾ ನೋಡಬೇಕು, ರೋಗಿಯ ಹೆಸರು ಪೂರ್ತಿ ಅಳಿಸಬೇಕು. ಆಮೇಲೆ ಡಾಕ್ಟರ ಪಕ್ಕ ಕೂತು, ಇದನ್ನು ಗಡ್ಡೆ ಅಂತ ಯಾಕೆ ಅಂದಿರಿ ಎಂದು ಕೇಳಬೇಕು.

ಇಲ್ಲಿ ಜರ್ಮನಿಯಲ್ಲಿ ಇದಕ್ಕೊಂದು ಹುದ್ದೆ ಇದೆ, ಸಂಬಳ ಇದೆ. ರೇಡಿಯಾಲಜಿಸ್ಟ್ (ಸ್ಕ್ಯಾನ್, ಎಕ್ಸರೇ ಓದುವ ಡಾಕ್ಟರು) ಮತ್ತು ಪ್ರೋಗ್ರಾಮರ್ ಒಂದೇ ಪ್ರಾಜೆಕ್ಟಿನಲ್ಲಿ ಇರುತ್ತಾರೆ. ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಸಂಶೋಧನೆಯ ಕೆಲಸ ಬಹುತೇಕ ತಾತ್ಕಾಲಿಕ. ಪ್ರಾಜೆಕ್ಟಿನ ಹಣ ಮುಗಿದರೆ ಬರೆದವನು ಹೋಗುತ್ತಾನೆ, ಅವನ ಕೋಡು ಅನಾಥವಾಗುತ್ತದೆ. ಇದನ್ನು ನಾವು ನಕಲು ಮಾಡಬಾರದು.

ಸಾಫ್ಟ್‌ವೇರ್ ಸಾಧನಗಳ ವಿಷಯದಲ್ಲಿ ಧಾರವಾಡಕ್ಕೂ ಹೈಡೆಲ್‌ಬರ್ಗಿಗೂ ಅಂಥ ಅಂತರ ಇಲ್ಲ. ಚಿತ್ರದಲ್ಲಿ ಗಡ್ಡೆಯಂಥ ಭಾಗಗಳ ಅಂಚು ಗುರುತಿಸುವ ಯು-ನೆಟ್ ಎಂಬ ಎಐ ಮಾದರಿ 2015ರಲ್ಲಿ ಜರ್ಮನಿಯದೇ ಫ್ರೈಬರ್ಗ್ ವಿಶ್ವವಿದ್ಯಾಲಯದಿಂದ ಬಂತು. ಅದನ್ನೇ ಆಧರಿಸಿದ ಎನ್‌ಎನ್‌ಯು-ನೆಟ್ ಇಲ್ಲಿನ ಕ್ಯಾನ್ಸರ್ ಸಂಶೋಧನಾ ಕೇಂದ್ರದ್ದು. ಎರಡರ ಕೋಡೂ ಬಿಟ್ಟಿ ಸಿಗುತ್ತದೆ.

ಜಾಗವೂ ದೂರವಿಲ್ಲ ನೋಡಿ. ಹುಬ್ಬಳ್ಳಿಯ ವಿದ್ಯಾನಗರದಲ್ಲೇ ಕಿಮ್ಸ್ ಆಸ್ಪತ್ರೆ ಇದೆ, ಅಲ್ಲೇ ಬಿವಿಬಿ ಎಂಜಿನಿಯರಿಂಗ್ ಕಾಲೇಜೂ (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಇದೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಗದಗ, ಹಾವೇರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ.

ಆದರೂ ಕೊನೆಯ ವರ್ಷದ ಹುಡುಗ, ಹುಡುಗಿಯರು ಪ್ರಾಜೆಕ್ಟಿಗೆ ಅಂತ ನನಗೆ ತೋರಿಸುವುದು ಅಮೆರಿಕದ ಎದೆಯ ಎಕ್ಸರೇ. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2017ರಲ್ಲಿ 1 ಲಕ್ಷಕ್ಕೂ ಹೆಚ್ಚು ಎಕ್ಸರೇ ಬಿಡುಗಡೆ ಮಾಡಿತು. ಯಾವ ಎಕ್ಸರೇಯಲ್ಲಿ ಯಾವ ಕಾಯಿಲೆ ಎಂಬ ಗುರುತುಗಳನ್ನು ಡಾಕ್ಟರು ಚಿತ್ರ ನೋಡಿ ಹಾಕಿದ್ದಲ್ಲ, ಹಳೆಯ ವರದಿಗಳ ಮಾತಿನಿಂದ ಸಾಫ್ಟ್‌ವೇರ್ ಹೆಕ್ಕಿದ್ದು. ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಸ್ಕೋರ್ ಚೆನ್ನಾಗಿ ಬಂತು, ವರದಿ ಬೈಂಡ್ ಆಯಿತು, ಮುಗೀತು. ನನಗೆ ತುಂಬಾ ಬೇಸರವಾಗುತ್ತದೆ. ಅವರಲ್ಲಿ ಬುದ್ಧಿ ಇದೆ, ಎಕ್ಸರೇ ಓದಬಲ್ಲವರ ಪಕ್ಕ ಕೂರುವ ಅವಕಾಶ ಇಲ್ಲ.

ಒಮ್ಮೆ ರಜೆಯಲ್ಲಿ ಪರಿಚಯದ ಹಿರಿಯ ಡಾಕ್ಟರೊಬ್ಬರಿಗೆ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸರೇ ತೋರಿಸಿದೆ. ಪ್ರೋಗ್ರಾಂ ಅದನ್ನು ಕಾಯಿಲೆ ಅಂದಿತ್ತು. ಅವರು ನೋಡಿದ ಕೂಡಲೇ, "ತಮ್ಮಾ, ಇದು ಹೊಸಾದಲ್ಲ. ಹಳೇ ಟಿಬಿ ಕಲೆ. ಇಂಥವು ನಮಗ ದಿನಾ ಬರ್ತಾವ" ಅಂದರು. ಹೊರದೇಶದ ಎದೆಗಳನ್ನೇ ನೋಡಿ ಕಲಿತ ಪ್ರೋಗ್ರಾಂ ನಮ್ಮ ಎದೆಗಳ ಮುಂದೆ ಹೀಗೆ ತಪ್ಪುತ್ತದೆ. ಗದಗ, ಹಾವೇರಿ, ಕೊಪ್ಪಳದಿಂದ ಹುಬ್ಬಳ್ಳಿಗೆ ಬರುವ ರೋಗಿಗಳ ಚಿತ್ರಗಳಲ್ಲಿ ಇರುವುದನ್ನು ನಾನು ಇಲ್ಲಿ ಕೂತು ಕಲಿಯಲಾರೆ.

ಹಾಗಾಗಿ ನಾನು ಕೇಳುವುದು ದೊಡ್ಡ ಕೇಂದ್ರವನ್ನಲ್ಲ. ರೇಡಿಯಾಲಜಿ ವಿಭಾಗದೊಳಗೆ ಒಬ್ಬ ಡೆವಲಪರ್‌ಗೆ ಕಾಯಂ ಹುದ್ದೆ ಕೊಡಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿದ ಎದೆಯ ಎಕ್ಸರೇಗಳಿಂದಲೇ ಶುರು ಮಾಡಲಿ. ಬೆಂಗಳೂರಿನ ಕಂಪನಿಯಷ್ಟು ಸಂಬಳ ಕೊಡಲು ಆಗದಿರಬಹುದು. ಊರಲ್ಲೇ ಇದ್ದು ಈ ಕೆಲಸ ಮಾಡಲು ಕಡಿಮೆ ಸಂಬಳಕ್ಕೂ ಬರುವವರಿದ್ದಾರೆ. ಅವರಲ್ಲಿ ನಾನೂ ಒಬ್ಬ.